ಕಪೆಂಬ್ವಾ ಮಾವನ ಕರವಸ್ತ್ರ

ಕಪೆಂಬ್ವಾ ಮಾವ ಅಕ್ಕನ ಸಾವಿಗೆ ಬಂದದ್ದು ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರದ ಜೊತೆ. ಅವನಿದ್ದ ಎಂಡೋಲಾ ಪಟ್ಟಣದಿಂದ ಅಕ್ಕನ ಊರು ಲುವಾಂಶಾಕ್ಕೆ ಮಿನಿಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಷ್ಟು ನೂಕುನುಗ್ಗಲಿನಲ್ಲೂ ಅದರ ಮಡಿಕೆ ಕೆಟ್ಟಿರಲಿಲ್ಲ. ಗೇಟಿನ ಬಳಿ ನಿಂತು, ಅಂಗಳದಲ್ಲಿ ಎಷ್ಟು ಜನ ಸೇರಿದ್ದಾರೆ ಎಂದು ಒಮ್ಮೆ ಕಣ್ಣಾಡಿಸಿ, ಅಳುವುದಕ್ಕೆ ಸಾಲುವಷ್ಟಿದ್ದಾರೆ ಎಂದು ಖಾತ್ರಿಯಾದ ಮೇಲೆ ಅದನ್ನು ಜೇಬಿನಿಂದ ತೆಗೆದು, ಕೊಡವಿ, ಕಣ್ಣಿಗೊತ್ತಿಕೊಂಡ. "ಅಕ್ಕಾ, ನನ್ನನ್ನ ಯಾರ ಕೈಗೆ ಬಿಟ್ಟು ಹೋದೆ?" ಎಂದು ಗೊಳೋ ಎಂದ. ಅರವತ್ತೆರಡು ವರ್ಷದ ಗಂಡಸು, ಮನೆಯಲ್ಲಿ ಹೆಂಡತಿ, ಸೊಸೆ, ಮೂರು ಮೊಮ್ಮಕ್ಕಳು, ಒಂದು ಕಿರಾಣಿ ಅಂಗಡಿ. ಯಾರ ಕೈಗೆ ಬಿಟ್ಟು ಹೋದಳಂತೆ!

ಕಸೂಬಾ ಇದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಸತ್ತವಳು ಅವಳ ತಾಯಿ. ಎರಡು ದಿನ ಅತ್ತು ಅವಳ ಕಣ್ಣು ಬಾತುಹೋಗಿತ್ತು, ಆದರೆ ಮಾವನ ಕರವಸ್ತ್ರ ಕಂಡದ್ದೇ ಅಳು ನಿಂತು ಭಯ ಶುರುವಾಯಿತು. ಎಲ್ಲಿಂದಲೂ ಬರಿಗೈಯಲ್ಲಿ ಹಿಂತಿರುಗುವ ಆಸಾಮಿ ಅವನಲ್ಲ. ಈ ಸಲ ಅವನಿಗೆ ಏನು ಬೇಕೆಂಬುದೂ ಅವಳಿಗೆ ಗೊತ್ತಿತ್ತು. ಅವಳ ಹದಿಮೂರು ವರ್ಷದ ಮಗಳು ಲುಬುಟೊ ಬೇಕಿತ್ತು.

"ಓದಿಸ್ತೀನಿ" ಎಂಬುದು ಮಾವನ ಮಾತು. ಇಪ್ಪತ್ತೈದು ವರ್ಷದ ಹಿಂದೆ ಇದೇ ಮಾತು ಹೇಳಿ ಅವನು ಕಸೂಬಾಳನ್ನೂ ಎಂಡೋಲಾಕ್ಕೆ ಕರೆದುಕೊಂಡು ಹೋಗಿದ್ದ. ಅವಳ ಶಾಲೆಯ ಚೀಲವನ್ನು ಮಾವನ ಹೆಂಡತಿ ಎರಡನೇ ದಿನವೇ ಈರುಳ್ಳಿ ತುಂಬಲು ತೆಗೆದುಕೊಂಡಳು. ನಾಲ್ಕು ವರ್ಷ ಕಸೂಬಾ ಆ ಮನೆಯ ಕೂಸುಗಳ ಬಟ್ಟೆ ಒಗೆದಳು, ಅಂಗಡಿ ಕಾದಳು, ಎಲ್ಲರೂ ಉಂಡ ಮೇಲೆ ಮುದ್ದೆಯ ಪಾತ್ರೆಯ ತಳಕ್ಕೆ ಹಿಡಿದ ಸೀಕಲು ಕೆರೆದು ತಿಂದಳು. ಅಮ್ಮ ನೋಡಲು ಬಂದಾಗಲೆಲ್ಲ ಮಾವ ಕರವಸ್ತ್ರ ತೆಗೆದು, "ಅಕ್ಕಾ, ಹೊಟ್ಟೇಲಿ ಹುಟ್ಟಿದ ಮಗಳಿಗಿಂತ ಹೆಚ್ಚಾಗಿ ಸಾಕ್ತಿದೀನಿ, ನೀನೇ ಅನುಮಾನ ಪಟ್ರೆ ನಾನು ಬದುಕಿದ್ದೂ ದಂಡ" ಎನ್ನುತ್ತಿದ್ದ. ಅನುಮಾನ ಪಟ್ಟದ್ದಕ್ಕೆ ಅಮ್ಮ ಅವನಲ್ಲೇ ಕ್ಷಮೆ ಕೇಳಿ ಬಸ್ಸು ಹತ್ತುತ್ತಿದ್ದಳು. ಈಗ ಕಸೂಬಾ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ತಾನು ಮುಗಿಸದ ತರಗತಿಗಳ ಮಕ್ಕಳಿಗೆ ಅಳತೆ ತೆಗೆಯುತ್ತಾಳೆ.

ಕಸೂಬಾಳ ಬೆಂಬಾ ಜನದಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು, ಅವರ ಮೇಲೆ ಬಾಯಾಮಾ, ಅಂದರೆ ಸೋದರಮಾವನ ಮಾತೇ ಮಾತು. ಲುಬುಟೊಳ ಅಪ್ಪನಂತೂ ಸೊಲ್ವೇಜಿಯ ಗಣಿಗೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ ಕೂತಿದ್ದ. ಮಣ್ಣಾದ ಮೂರನೇ ಬೆಳಿಗ್ಗೆ ನೆಂಟರೆಲ್ಲ ಕೂತು ಸತ್ತವಳ ಬಟ್ಟೆ ಯಾರಿಗೆ, ಹೆಸರು ಯಾರಿಗೆ, ಹೊಣೆ ಯಾರಿಗೆ ಎಂದು ಮಾತಾಡಿ ಸೂತಕ ಮುಗಿಸುವುದು ಪದ್ಧತಿ. ಮಾವ ಆ ಬೆಳಿಗ್ಗೆಗಾಗಿ ಕಾಯುತ್ತಿದ್ದ. ಎಲ್ಲರೆದುರಿಗೆ ಕೇಳಿದರೆ ಯಾವ ಹೆಣ್ಣು ತಾನೇ ಸೋದರಮಾವನಿಗೆ ಇಲ್ಲ ಎಂದಾಳು?

ಇಂಥವನೆದುರು ಆ ಅಂಗಳದಲ್ಲಿ ಬಾಯಿ ಬಿಡಬಲ್ಲ ಜೀವ ಒಂದೇ ಇತ್ತು: ಪಕ್ಕದ ಮನೆಯ ಜೆಲೀಪಾ ಸಕಾಲಾ. ಅರವತ್ತರ ಹೆಂಗಸು, ಮಾರುಕಟ್ಟೆಯಲ್ಲಿ ಒಣಮೀನು ಮಾರುವವಳು, ಪೂರ್ವದ ಚಿಪಾಟಾ ಕಡೆಯ ಎಂಗೋನಿ ಜನದವಳು. ಬೆಂಬಾಗಳಿಗೂ ಎಂಗೋನಿಗಳಿಗೂ ಯಾವುದೋ ಕಾಲದಲ್ಲಿ ಯುದ್ಧವಾಗಿತ್ತಂತೆ. ಈಗ ಉಳಿದಿರುವುದು ಗೇಲಿಯ ನಂಟು. ಎಂಗೋನಿಗಳು ಬೆಂಬಾಗಳನ್ನು ಕೋತಿ ತಿನ್ನುವವರು ಎನ್ನಬೇಕು, ಬೆಂಬಾಗಳು ಅವರನ್ನು ಇಲಿ ತಿನ್ನುವವರು ಎನ್ನಬೇಕು, ಯಾರೂ ಸಿಟ್ಟಾಗಕೂಡದು. ಸಾವಿನ ಮನೆಯಲ್ಲಂತೂ ಈ ಗೇಲಿನಂಟರದೇ ದರ್ಬಾರು. ಒಲೆ ಹೊತ್ತಿಸುವವರು ಅವರು, ಸತ್ತವರ ಬಟ್ಟೆ ಉಟ್ಟು ಅವರಂತೆಯೇ ನಡೆದು ನುಡಿದು ಅಳುವವರನ್ನು ನಗಿಸುವವರೂ ಅವರೇ. ಅವರ ಗೇಲಿಗೆ ಮುಖ ಊದಿಸಿಕೊಂಡವನು ಊರಿಗೆಲ್ಲ ನಗೆಪಾಟಲು.

ಕಸೂಬಾಳ ತಾಯಿಗೆ ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ, ಮಂಚದ ಪಕ್ಕ ಸರದಿಯ ಮೇಲೆ ಕೂತವರು ಕಸೂಬಾ ಮತ್ತು ಜೆಲೀಪಾ. ಅಮ್ಮನ ಬಾಯಿ ಬಿದ್ದುಹೋಗಿತ್ತು, ನೀರು ಬೇಕಾದರೆ ಒಂದು ಸಲ ಕೈ ಒತ್ತುತ್ತಿದ್ದಳು, ಮಗ್ಗುಲು ಬದಲಿಸಬೇಕಾದರೆ ಎರಡು ಸಲ. ಮುಕ್ಕಾಲು ಗಂಟೆ ದೂರದ ತಮ್ಮ ಒಂದು ದಿನವೂ ತಲೆ ಹಾಕಲಿಲ್ಲ. ಅವನಿಗೆ ಆಸ್ಪತ್ರೆಯ ವಾಸನೆ ಆಗುವುದಿಲ್ಲವಂತೆ.

ಮಣ್ಣಿನ ದಿನ ಜೆಲೀಪಾ ಗೆಳತಿಯ ಹಸಿರು ಚಿಟೆಂಗೆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಅವಳ ಚಪ್ಪಲಿ ಮೆಟ್ಟಿ, ಅವಳಂತೆಯೇ ಎಡಗಾಲು ಎಳೆಯುತ್ತ ಅಂಗಳದ ತುಂಬ ಓಡಾಡಿದಳು. "ಯಾರೇ ಅದು ನನ್ನ ಸಕ್ಕರೆ ಡಬ್ಬಿಗೆ ಕೈ ಹಾಕಿದ್ದು? ಸತ್ರೂ ನೆಮ್ಮದಿ ಇಲ್ವಲ್ಲ ನಂಗೆ!" ಎಂದಾಗ ಕಸೂಬಾ ಅಳುತ್ತಳುತ್ತಲೇ ನಕ್ಕಳು. ಮಾವನೂ ಆ ಆಟಕ್ಕೆ ಸೇರಿದ. ಜೆಲೀಪಾಳ ಎದುರು ತಲೆ ಬಾಗಿಸಿ, "ಹೋಗಿ ಬಾ ಅಕ್ಕಾ, ನಿನ್ನ ಮನೆ ನನ್ನ ಹೆಗಲ ಮೇಲಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಮರುದಿನ ಮಧ್ಯಾಹ್ನ ಹಿತ್ತಲಲ್ಲಿ ಕೂತು ಇಬ್ಬರೂ ಶೇಂಗಾ ಸುಲಿಯುತ್ತಿದ್ದರು. ಲುಬುಟೊ ಒಳಗಿಂದ ಬಂದು, "ಅಮ್ಮಾ, ಕಪೆಂಬ್ವಾ ಅಜ್ಜ ನನ್ನ ಬಟ್ಟೆ ಕಟ್ಕೋ ಅಂದ್ರು. ಶಾಲೆ ಚೀಲದಲ್ಲೇ ಹಿಡಿಸ್ತು" ಎಂದಳು. ಹುಡುಗಿಯ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. ದೊಡ್ಡವರು ಹೇಳಿದ್ದನ್ನು ಮಾಡಿದ್ದಳು. ಕಸೂಬಾಳ ಕೈಯಲ್ಲಿದ್ದ ಶೇಂಗಾ ಉದುರಿಹೋಯಿತು.

"ನಾಳೆ ಇಲ್ಲ ಅಂತೀಯಾ?" ಹುಡುಗಿ ಒಳಗೆ ಹೋದ ಮೇಲೆ ಜೆಲೀಪಾ ಕೇಳಿದಳು.

"ಅಂತೀನಿ. ಪ್ರತಿ ಸಲ ಅನ್ಬೇಕು ಅಂತಾನೇ ಹೋಗ್ತೀನಿ. ಹೊರಗೆ ಬರುವಾಗ ಹೂಂ ಅಂದಿರ್ತೀನಿ, ಮೇಲೆ ಕ್ಷಮೆ ಬೇರೆ ಕೇಳಿರ್ತೀನಿ. ಹೇಗಾಗುತ್ತೋ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತೆ. ಬಾ, ನಾನು ನಿನ್ನ ಮಾವ, ನೀನು ನೀನೇ." ಜೆಲೀಪಾ ಒಲೆ ಒರೆಸುವ ಬಟ್ಟೆಯನ್ನು ಮಡಚಿ ರವಿಕೆಯೊಳಗೆ ತುರುಕಿಕೊಂಡಳು, ಗಂಟಲು ದಪ್ಪ ಮಾಡಿದಳು. "ಮಗಳೇ ಕಸೂಬಾ, ಲುಬುಟೊನ ಕರ್ಕೊಂಡು ಹೋಗ್ತೀನಿ."

"ಬೇಡ ಬಾಯಾಮಾ, ಇಲ್ಲಿ ಶಾಲೆ ಚೆನ್ನಾಗಿದೆ."

"ಎಂಡೋಲಾದಲ್ಲಿ ಇನ್ನೂ ಚೆನ್ನಾಗಿದೆ."

"ಅವಳು ಇನ್ನೂ ಚಿಕ್ಕವಳು."

"ನೀನು ಬಂದಾಗ ಎಷ್ಟು ವಯಸ್ಸು? ನಿನ್ನನ್ನೇನು ನಾನು ಕೊಂದೆನಾ?" ಒಲೆ ಬಟ್ಟೆ ಹೊರಗೆ ಬಂತು, ಮಸಿಯೆಲ್ಲ ಕೆನ್ನೆಗೆ ಮೆತ್ತಿಕೊಂಡಿತು. "ಕೊಂದೆ ಅಂತಾನೇ ಅಂದುಬಿಡು!"

"ಅಯ್ಯೋ ಹಾಗಲ್ಲ ಬಾಯಾಮಾ..." ಎಂದ ಕಸೂಬಾ ತಾನು ನಿಜವಾಗಿಯೂ ಗಾಬರಿಯಾದದ್ದು ಕಂಡು ಬಾಯಿ ಮುಚ್ಚಿಕೊಂಡಳು.

ಜೆಲೀಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೋತಿ ತಿನ್ನೋಳೇ, ನೋಡ್ದಾ? ನೀನು ಕಾರಣ ಕೊಡ್ತೀಯ. ಕಾರಣ ಅಂದ್ರೆ ಬಕೆಟ್ಟಿನ ಹಿಡಿ. ನೀನೇ ಹಿಡಿ ಮುಂದೆ ಮಾಡಿದ್ರೆ ಅವನು ಎತ್ಕೊಂಡು ಹೋಗ್ದೆ ಇನ್ನೇನು ಮಾಡ್ತಾನೆ? ನನ್ನ ಅಂಗಡಿಗೆ ಬರ್ತಾರೆ, ಮೀನು ಚಿಕ್ಕದು ಅಂತಾರೆ. ಮಳೆ ಇಲ್ಲ, ಕೆರೇಲಿ ನೀರಿಲ್ಲ ಅಂತ ನಾನು ಶುರುಮಾಡಿದ್ರೆ ಮೀನೂ ಹೋಯ್ತು, ನನ್ನ ಬೆಳಿಗ್ಗೇನೂ ಹೋಯ್ತು. ಅವನು ಕರವಸ್ತ್ರ ತೆಗೀತಾನೆ, ತಟ್ಟೆ ತಳ್ತಾನೆ, ಎದೆ ಹಿಡ್ಕೊತಾನೆ, ಸತ್ತವರನ್ನ ಎಳ್ಕೊಂಡು ಬರ್ತಾನೆ. ಈ ನಾಲ್ಕು ಬಿಟ್ರೆ ಅವನ ಹತ್ರ ಐದನೇದು ಇಲ್ಲ. ನಲವತ್ತು ವರ್ಷದಿಂದ ನೋಡ್ತಿದೀನಿ. ಅವೆಲ್ಲ ಯಾವುದೂ ಪ್ರಶ್ನೆ ಅಲ್ಲ ಕಣೇ. ಪ್ರಶ್ನೆ ಇರೋದು ಒಂದೇ, ಹುಡುಗಿ ಕೊಡ್ತೀಯಾ ಇಲ್ವಾ. ಅದಕ್ಕಷ್ಟೇ ಉತ್ತರ ಹೇಳು."

"ನೀನೇ ಹೇಳ್ಬಿಡು ಜೆಲೀಪಾ. ನಿನ್ನ ಮಾತಿಗೆ ಯಾರೂ ಸಿಟ್ಟಾಗಲ್ಲ."

"ನಾನು ಹೇಳಿದ್ರೆ ತಮಾಷೆ. ನಗ್ತಾರೆ, ನಕ್ಕು ಹುಡುಗೀನ ಬಸ್ಸು ಹತ್ತಿಸ್ತಾರೆ. ಇಲ್ಲ ಅನ್ನೋದು ನಿನ್ನ ಬಾಯಿಂದಾನೇ ಬರ್ಬೇಕು. ಇನ್ನೊಂದು ಸಲ ಬಾ. ಮಗಳೇ ಕಸೂಬಾ..."

ಶೇಂಗಾ ಮುಗಿಯುವಷ್ಟರಲ್ಲಿ ಒಂಬತ್ತು ಸಲ ಮಾಡಿದರು. ಒಂಬತ್ತೂ ಸಲ ಕಸೂಬಾ ಏನಾದರೊಂದು ಕಾರಣ ಹೇಳಿ ಸೋತಳು.

ಮರುದಿನ ಬೆಳಿಗ್ಗೆ ಮಾವಿನ ಮರದ ಕೆಳಗೆ ಗಂಡಸರು ಕುರ್ಚಿಯಲ್ಲಿ, ಹೆಂಗಸರು ಚಾಪೆಯಲ್ಲಿ ಕೂತರು. ಕಾಸಾಮಾದಿಂದ ಬಂದಿದ್ದ ಮುದಿ ಚಿಕ್ಕಮ್ಮಂದಿರು ಮುಂದೆ, ಸ್ಥಳೀಯ ಚರ್ಚಿನ ಹೆಂಗಸರು ಹಿಂದೆ. ಜೆಲೀಪಾ ಹಸಿರು ಚಿಟೆಂಗೆಯಲ್ಲೇ ಒಲೆಯ ಮುಂದೆ ಇದ್ದಳು. ಬಾಗಿಲ ಬಳಿ ಲುಬುಟೊಳ ಶಾಲೆಯ ಚೀಲ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಊಟ ಬಂತು. ಬಿಸಿ ನ್ಶಿಮಾ ಮುದ್ದೆ, ಶೇಂಗಾಪುಡಿಯಲ್ಲಿ ಬೇಯಿಸಿದ ಕುಂಬಳದ ಸೊಪ್ಪು, ಕೋಳಿ ಸಾರು. ಮಾವನ ತಟ್ಟೆಯಲ್ಲಿ, ಯಾರೂ ಹೇಳದೆಯೇ, ಕೋಳಿಯ ಹೊಟ್ಟೆಯೊಳಗಿನ, ಕಾಳು ಅರೆಯುವ ಗಟ್ಟಿ ತುಂಡು ಇತ್ತು. ಅದು ಮನೆಯ ಹಿರಿಯ ಗಂಡಸಿಗೆ ಮಾತ್ರ ಸಲ್ಲುವ ಹಿರಿಯರ ತುಂಡು. ಹೆಂಗಸರು ಬೇಯಿಸಬಹುದು, ಬಾಯಿಗಿಡುವಂತಿಲ್ಲ.

ಮಾವ ತಟ್ಟೆ ಮುಟ್ಟಲಿಲ್ಲ. ಎದ್ದು ನಿಂತ. "ನಾನೇನೂ ಕೇಳೋಕೆ ಬಂದಿಲ್ಲ," ಎಂದ.

"ಕಿವಿ ತೆಗ್ದು ಕೂತ್ಕೊಳ್ಳಿ, ಈಗ ಕೇಳ್ತಾನೆ!" ಎಂದು ಒಲೆಯ ಕಡೆಯಿಂದ ಕೂಗು ಬಂತು.

ಎಲ್ಲರೂ ನಕ್ಕರು. ಮಾವನೂ ನಕ್ಕ, ಮೂರ್ಖನಲ್ಲ ಅವನು. "ಇಲಿ ತಿಂದು ತಿಂದು ನಮ್ಮ ನೆಂಟರ ಹಲ್ಲು ಚೂಪಾಗಿದೆ," ಎಂದು ಅವರ ನಗುವನ್ನೂ ತನ್ನ ಜೇಬಿಗೇ ಹಾಕಿಕೊಂಡ. ಆಮೇಲೆ ದನಿ ಇಳಿಸಿದ. "ಅಕ್ಕ ಹೋದಳು. ಈ ಮನೆಯಲ್ಲಿ ಗಂಡು ದಿಕ್ಕಿಲ್ಲ. ಲುಬುಟೊನ ನಾನು ಓದಿಸ್ತೀನಿ. ನನಗೇನು ಲಾಭ? ಇರೋ ಒಂದು ತುತ್ತಲ್ಲಿ ಅವಳಿಗೂ ಅರ್ಧ." ಅವನ ಕೈ ಜೇಬಿನ ಕಡೆ ಹೋಯಿತು. ಕರವಸ್ತ್ರ ಹೊರಗೆ ಬರುವ ಮೊದಲೇ ಜೆಲೀಪಾ ಒಲೆ ಬಟ್ಟೆಯಿಂದ ಕಣ್ಣೊರೆಸಿಕೊಂಡು ಗೊಳೋ ಎಂದಳು. ನಗು ಮತ್ತೆ ಎದ್ದಿತು. ಮಾವನ ಕೈ ಅರ್ಧದಲ್ಲೇ ನಿಂತು ಖಾಲಿಯಾಗಿ ವಾಪಸಾಯಿತು. ಇಪ್ಪತ್ತೈದು ವರ್ಷದಲ್ಲಿ ಆ ಕರವಸ್ತ್ರ ಜೇಬಿನಲ್ಲೇ ಉಳಿದದ್ದನ್ನು ಕಸೂಬಾ ಮೊದಲ ಸಲ ನೋಡಿದಳು.

ಆಗ ಅವನು ಬಾಗಿ, ಸ್ಟೂಲಿನ ಮೇಲಿದ್ದ ತಟ್ಟೆ ತಳ್ಳಿದ. ಜೋರಾಗಿಯಲ್ಲ, ಎರಡು ಬೆರಳಿನಿಂದ, ಮೆಲ್ಲಗೆ. "ಅಕ್ಕನ ಮನೆಯಲ್ಲಿ ನನ್ನ ಮಾತಿಗೇ ಬೆಲೆ ಇಲ್ಲ ಅಂದ್ಮೇಲೆ ತುತ್ತು ಹೇಗೆ ಇಳಿಯುತ್ತೆ?"

ಕಾಸಾಮಾದ ಚಿಕ್ಕಮ್ಮಂದಿರು ಹೌಹಾರಿದರು. ಸಾವಿನ ಮನೆಯ ಊಟ ಬಿಟ್ಟು ಸೋದರಮಾವ ಎದ್ದರೆ ಆ ಮನೆಗೆ ಒಳ್ಳೆಯದಾಗುವುದಿಲ್ಲ. ಹಿರಿಯವಳು ಕಸೂಬಾಳ ತೊಡೆ ಚಿವುಟಿದಳು. "ಲುಬುಟೊನ ಅಮ್ಮಾ, ಏಳೇ, ಕಾಲು ಹಿಡಿದು ಕೇಳ್ಕೊ. ಊಟ ಮಾಡಿಸು."

ಕಸೂಬಾ ಕೂತಲ್ಲೇ ಇದ್ದಳು. ಇದು ಎರಡನೆಯದು, ಇದು ಪ್ರಶ್ನೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಯಾರೂ ಕಾಲಿಗೆ ಬೀಳದಿದ್ದುದು ಮಾವನಿಗೆ ಆಶ್ಚರ್ಯ ತಂದಿತು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಒಲೆಯ ಬಳಿ ಜೆಲೀಪಾ ಎರಡೂ ಕೈ ಎದೆಗಿಟ್ಟುಕೊಂಡು ಚಾಪೆಯ ಮೇಲೆ ಅಂಗಾತ ಬಿದ್ದಳು. ಈ ಸಲ ಚರ್ಚಿನ ಹೆಂಗಸರು ಮಾತ್ರ ನಕ್ಕರು. ಮಾವನ ಮುಖ ಕೆಂಡವಾಗಿತ್ತು, ಆದರೆ ಸಿಟ್ಟಾಗುವಂತಿರಲಿಲ್ಲ. ಕೊನೆಗೆ ಅವನು ಉಳಿದ ಒಂದನ್ನು ತೆಗೆದ.

"ಆಯ್ತು, ನನ್ನ ಮಾತು ಬಿಡಿ. ಸತ್ತವಳ ಮಾತಿಗಾದರೂ ಬೆಲೆ ಕೊಡ್ತೀರಾ? ಹೋಗೋದಕ್ಕೆ ಎರಡು ದಿನ ಮುಂಚೆ, ಭಾನುವಾರ, ಅಕ್ಕನೇ ಫೋನ್ ಮಾಡಿದ್ದಳು. 'ತಮ್ಮಾ, ಲುಬುಟೊನ ನಿನ್ನ ಕೈಗೆ ಹಾಕ್ತಿದೀನಿ' ಅಂದಳು. ಇದೇ ಅವಳ ಕೊನೇ ಮಾತು. ನಾನು ಅದನ್ನ ಎದೇಲಿ ಇಟ್ಕೊಂಡು ಬಂದಿದೀನಿ."

ಮುಂದಿನ ಸಾಲಿನ ಮುದುಕಿಯರು "ಅಯ್ಯೋ ತಾಯಿ" ಎಂದು ಕಣ್ಣೀರು ತೆಗೆದರು. ಹಿಂದಿನ ಸಾಲು ಕಲ್ಲಾಗಿ ಕೂತಿತು. ಆ ಭಾನುವಾರ ಚರ್ಚು ಬಿಟ್ಟವರೇ ಆಸ್ಪತ್ರೆಗೆ ಹೋಗಿ ಮಂಚದ ಸುತ್ತ ಹಾಡು ಹಾಡಿ ಬಂದವರು ಅವರು.

ಜೆಲೀಪಾ ಎದ್ದು, ಎಡಗಾಲು ಎಳೆಯುತ್ತ, ಹಸಿರು ಚಿಟೆಂಗೆ ಸರಿಮಾಡಿಕೊಳ್ಳುತ್ತ ಮಾವಿನ ಮರದ ಕೆಳಗೆ ಬಂದಳು. ಮಾವನ ಎದುರು ನಿಂತು, ಕೈಯನ್ನು ಫೋನಿನಂತೆ ಕಿವಿಗಿಟ್ಟುಕೊಂಡಳು. ಬಾಯಿ ಒಂದು ಪಕ್ಕಕ್ಕೆ ವಾಲಿತು. ತುಟಿ ಅಲ್ಲಾಡಿತು, ಮಾತು ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದಳು. ಜೊಲ್ಲು ಗದ್ದದ ಮೇಲೆ ಇಳಿಯಿತು, ಅಷ್ಟೇ. ಆಮೇಲೆ ಮಾವನ ಕೈ ಹಿಡಿದು ಒಂದು ಸಲ ಒತ್ತಿದಳು. "ನೀರು ಬೇಕು ಅಂತ ಅದರ ಅರ್ಥ, ತಮ್ಮಾ," ಎಂದಳು ತನ್ನ ಸ್ವಂತ ದನಿಯಲ್ಲಿ. "ಹನ್ನೊಂದು ದಿನ ಅವಳು ಆಡಿದ ಮಾತು ಇಷ್ಟೇ. ನಿಂಗೆ ಫೋನಲ್ಲಿ ಏನೇನೋ ಹೇಳಿದ್ಲು ಅನ್ನು. ಪುಣ್ಯವಂತ."

ಯಾರೂ ನಗಲಿಲ್ಲ. ಕಸೂಬಾಳ ಕಣ್ಣು ತುಂಬಿ ಬಂತು. ಅಮ್ಮ ಮತ್ತೊಮ್ಮೆ ಎದುರಿಗೆ ಬಂದು ಹೋದಂತಾಗಿತ್ತು.

ಇಷ್ಟಾದ ಮೇಲೆ ಮಾನ ಇರುವವನು ಟೋಪಿ ಎತ್ತಿಕೊಂಡು ಹೊರಡುತ್ತಿದ್ದ. ಕಪೆಂಬ್ವಾ ಮಾವ ಕುರ್ಚಿಯಲ್ಲಿ ಕುಸಿದು ಅಳತೊಡಗಿದ. ಈ ಸಲ ಕರವಸ್ತ್ರವಿರಲಿಲ್ಲ, ಮೂಗಿನಿಂದ ನೀರು ಸುರಿಯುತ್ತಿತ್ತು. "ಹೌದು, ಸುಳ್ಳು ಹೇಳಿದೆ. ಪ್ರೀತಿಯಿಂದ ಹೇಳಿದೆ. ಸಾಯೋ ಮುಂಚೆ ಅಕ್ಕನ ಮುಖ ನೋಡ್ಲಿಲ್ಲ, ಅವಳ ಮೊಮ್ಮಗಳನ್ನಾದರೂ ನೋಡ್ಕೊಳ್ಳೋಣ ಅಂತ ಆಸೆ ಪಟ್ಟೆ. ನಾನು ಪಾಪಿ. ಹೊಡೀರಿ ನನ್ನ."

ಜನರ ಮನಸ್ಸು ನೋಡಿ! ಸುಳ್ಳು ಸಿಕ್ಕಿಬಿದ್ದು ಎರಡು ನಿಮಿಷ ಆಗಿರಲಿಲ್ಲ, "ಪಾಪ, ನೊಂದ ಜೀವ" ಎಂದು ಚಿಕ್ಕಮ್ಮಂದಿರು ಪಿಸುಗುಟ್ಟಿದರು. ಚರ್ಚಿನವರಲ್ಲೂ ಒಬ್ಬಳು, "ಇಷ್ಟು ಪಶ್ಚಾತ್ತಾಪ ಪಟ್ಟಿದಾರಲ್ಲ, ಕಳಿಸಿಕೊಡು, ರಜೆಗೆ ಬರ್ತಾಳೆ" ಎಂದಳು. ಅವಮಾನವಾದದ್ದು ಅವನಿಗೆ, ಪರಿಹಾರ ಕೊಡಬೇಕಾದವಳು ಕಸೂಬಾ! ಅದಕ್ಕಿಂತ ನಾಚಿಕೆಗೇಡೆಂದರೆ ಅವಳಿಗೂ ಹಾಗೇ ಅನಿಸುತ್ತಿತ್ತು. ನಾಲಿಗೆಯ ತುದಿಗೆ "ಹೂಂ" ಬಂದು ಕೂತಿತ್ತು. ಹೂಂ ಎಂದರೆ ಅಳು ನಿಲ್ಲುತ್ತದೆ, ಎಲ್ಲರೂ ಊಟ ಮಾಡುತ್ತಾರೆ, ತಾನು ಒಳ್ಳೆಯವಳಾಗುತ್ತೇನೆ. ಅವಳು ಜೆಲೀಪಾಳ ಕಡೆ ನೋಡಿದಳು. ಜೆಲೀಪಾ ಒಲೆಯ ಬಳಿಗೆ ಮರಳಿ, ಬೆನ್ನು ತಿರುಗಿಸಿ ಪಾತ್ರೆ ಕೆರೆಯುತ್ತಿದ್ದಳು. ಅವಳ ಕೆಲಸ ಮುಗಿದಿತ್ತು.

ಆ ಕೆರೆಯುವ ಸದ್ದು ಕಸೂಬಾಳ ಕಿವಿಗೆ ಬಿತ್ತು. ಚಮಚ ತಳಕ್ಕೆ ತಗಲುವ ಆ ಸದ್ದನ್ನು ಅವಳು ನಾಲ್ಕು ವರ್ಷ ಕೇಳಿದ್ದಳು.

ಅವಳು ಪದ್ಧತಿಯಂತೆ ಮಾವನ ಎದುರು ಬಂದು ಮಂಡಿಯೂರಿದಳು. ಮಾವ ಅಳುವಿನ ನಡುವೆಯೇ ಅವಳ ತಲೆ ಸವರಲು ಕೈ ಎತ್ತಿದ.

"ಲುಬುಟೊ ಬರಲ್ಲ ಬಾಯಾಮಾ."

"ಯಾಕೆ ಮಗಳೇ? ನನ್ನಿಂದ ಏನು ತಪ್ಪಾಯ್ತು? ಕಾರಣ ಹೇಳು."

"ಬರಲ್ಲ."

"ನನ್ನ ಮೇಲೆ ನಂಬಿಕೆ ಇಲ್ವಾ? ಅದಾದ್ರೂ ಹೇಳು. ಒಂದೇ ಒಂದು ಕಾರಣ."

ಕಸೂಬಾಳ ಬಾಯಲ್ಲಿ ನೂರು ಕಾರಣಗಳಿದ್ದವು. ಈರುಳ್ಳಿ ಚೀಲವಿತ್ತು, ಒಗೆದ ಬಟ್ಟೆಗಳಿದ್ದವು, ಅಮ್ಮ ಕೇಳಿದ ಕ್ಷಮೆಗಳಿದ್ದವು. ಎಲ್ಲವನ್ನೂ ನುಂಗಿಕೊಂಡಳು. "ಇಲ್ಲ ಬಾಯಾಮಾ," ಎಂದಳು.

ಮಾವ ಸುತ್ತಲೂ ನೋಡಿದ. ಹಿಡಿಯಲು ಅವನಿಗೆ ಏನೂ ಸಿಗಲಿಲ್ಲ. "ಸರಿ. ಹಾಗಾದ್ರೆ ಈ ಮನೇಲಿ ಒಂದು ಹನಿ ನೀರೂ ಮುಟ್ಟಲ್ಲ," ಎಂದು ತಟ್ಟೆಯನ್ನು ಇನ್ನೂ ಎರಡು ಬೆರಳು ದೂರ ತಳ್ಳಿದ.

ಕಸೂಬಾ ಆ ತಟ್ಟೆ ಎತ್ತಿಕೊಂಡಳು. ಎಲ್ಲರೂ ಅವಳು ಬೇಡಿಕೊಳ್ಳುತ್ತಾಳೆ ಎಂದುಕೊಂಡರು. ಅವಳು ಎದ್ದು, ಬಾಗಿಲ ಬಳಿ ನೀರಿನ ಜಗ್ಗು ಹಿಡಿದು ನಿಂತಿದ್ದ ಲುಬುಟೊಳ ಕೈಗೆ ತಟ್ಟೆ ಕೊಟ್ಟಳು. "ತಿನ್ನು. ಆರಿಹೋಗ್ತಿದೆ."

"ಅಮ್ಮಾ, ಇದರಲ್ಲಿ ಹಿರಿಯರ ತುಂಡು ಇದೆ," ಎಂದು ಹುಡುಗಿ ಹೆದರಿದಳು.

"ಹಿರಿಯರು ಬೇಡ ಅಂದ್ರು. ನೀನು ತಿನ್ನು."

ಲುಬುಟೊ ಅಜ್ಜನನ್ನೂ ಅಮ್ಮನನ್ನೂ ನೋಡಿ, ತನ್ನ ಶಾಲೆಯ ಚೀಲದ ಮೇಲೆಯೇ ಕೂತು, ಆ ತುಂಡನ್ನು ಬಾಯಿಗಿಟ್ಟುಕೊಂಡಳು. ಗಟ್ಟಿ ತುಂಡು, ಬಹಳ ಹೊತ್ತು ಅಗಿಯಬೇಕು. ಮಾವನ ಕಣ್ಣು ಅವಳ ದವಡೆಯ ಜೊತೆಗೇ ಮೇಲೆ ಕೆಳಗೆ ಆಡಿತು. ಬೇಡಿಕೊಳ್ಳುತ್ತಾರೆ ಎಂಬ ಭರವಸೆಯಲ್ಲಿ ಅವನು ಬೆಳಗಿನ ಚಹಾವನ್ನೂ ಬಿಟ್ಟಿದ್ದ.

ಅವನು ಗೇಟಿನವರೆಗೆ ಹೋದ. ಎದೆ ಹಿಡಿದುಕೊಂಡು ನಿಂತ. ಯಾರೂ ಹಿಂದೆ ಬರಲಿಲ್ಲ. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಇನ್ನಷ್ಟು ಹೊತ್ತು ಕಾದ. ನೆಂಟರು ಉಂಡರು, ಸತ್ತವಳ ಬಟ್ಟೆ ಹಂಚಿಕೊಂಡರು, ಹೆಸರನ್ನು ಲುಬುಟೊಗೇ ಕೊಟ್ಟರು, ಚಾಪೆ ಸುತ್ತಿದರು. ಬಿಸಿಲು ನೆತ್ತಿಗೆ ಬಂದಾಗ ಮಾವ ಎದ್ದು, ಯಾರನ್ನೋ ಹುಡುಕುವವನಂತೆ, ನಿಧಾನವಾಗಿ ಹಿತ್ತಲಿಗೆ ಬಂದ.

"ಏನಾದ್ರೂ ಉಳಿದಿದೆಯಾ?"

"ಸೀಕಲು ಉಳಿದಿದೆ," ಎಂದಳು ಜೆಲೀಪಾ.

ಕಸೂಬಾ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ತಟ್ಟೆಗೆ ಹಾಕಿದಳು, ಸೊಪ್ಪು ಬಡಿಸಿದಳು, ಜಗ್ಗು ಬೋಗುಣಿ ತಂದು ಮಂಡಿಯೂರಿ ಮಾವನ ಕೈಗೆ ನೀರು ಹಾಕಿದಳು. ಮರ್ಯಾದೆಯಲ್ಲಿ ಎಳ್ಳಷ್ಟೂ ಕಡಿಮೆ ಮಾಡಲಿಲ್ಲ. ಅವನು ತಲೆ ಎತ್ತದೆ ಗಬಗಬ ತಿಂದ. ತಟ್ಟೆ ಖಾಲಿಯಾಯಿತು. ಬೆರಳು ನೆಕ್ಕಿಕೊಂಡ. ಹೊಟ್ಟೆಗೆ ಬಿದ್ದದ್ದೇ ತಡ, ಮುಖಕ್ಕೆ ಹಳೆಯ ಕಳೆ ಬಂತು. ಕೈ ಮೆಲ್ಲಗೆ ಕೋಟಿನ ಜೇಬಿನ ಕಡೆ ಸರಿಯಿತು.

"ಮಗಳೇ, ಓದಿನ ಮಾತು ಬಿಡು. ಆಗಸ್ಟ್ ರಜೇಲಿ ಎರಡೇ ಎರಡು ವಾರ ಕಳಿಸು. ಅತ್ತೆಗೆ ಮೊಣಕಾಲು ನೋವು..."

"ಕೈ ನೀಡಿ ಬಾಯಾಮಾ," ಎಂದು ಕಸೂಬಾ ನೀರಿನ ಜಗ್ಗು ಎತ್ತಿದಳು. ಅವನು ಕೈ ನೀಡಿದ. ಅವಳು ಬೆರಳ ಸಂದಿಯಲ್ಲಿ ಅಂಟಿದ್ದ ಮುದ್ದೆ ಹೋಗುವವರೆಗೂ ನೀರು ಹಾಕಿದಳು.

"ಇಲ್ಲ," ಎಂದಳು.